ಒಂಬತ್ತು ತಂತಿಯ ಮುಚ್ಚಳ

ಮನೆ, ಮಹಡಿಯ ವರ್ಕ್‌ಶಾಪು
ತಾರೀಕು ಹದಿನಾಲ್ಕು, ಶುಕ್ರವಾರ ಮಧ್ಯಾಹ್ನ

ಪ್ರೀತಿಯ ಅತ್ತೆ,

ಮೊದಲು ಪೂಜ್ಯ ಅತ್ತೆಯವರಿಗೆ ಎಂದು ಶುರುಮಾಡಿದ್ದೆ. ನೀವು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ "ಏನಮ್ಮಾ, ಹೆಡ್‌ಮಾಸ್ಟರಿಗೆ ರಜಾ ಅರ್ಜಿ ಬರೀತಿದೀಯಾ" ಎಂದದ್ದು ಕಿವಿಗೇ ಕೇಳಿಸಿದಂತಾಯಿತು, ಆ ಹಾಳೆ ಹರಿದು ಹಾಕಿದೆ. ಹೇಗಿದ್ದೀರಿ? ಕಣ್ಣಿಗೆ ಹನಿ ಮೂರು ಹೊತ್ತೂ ಬೀಳುತ್ತಿದೆಯೋ, ಇಲ್ಲಾ ಮಧ್ಯಾಹ್ನದ್ದು ತಪ್ಪಿಸಿ ಹಾಕಿಕೊಂಡೆ ಎಂದು ಮಗಳಿಗೆ ಸುಳ್ಳು ಹೇಳುತ್ತಿದ್ದೀರೋ? ಮೊಣಕಾಲು ಹೇಗಿದೆ? ಅಲ್ಲಿ ಲಿಫ್ಟು ವಾರಕ್ಕೆರಡು ಸಲ ಕೆಟ್ಟು ನಿಲ್ಲುತ್ತದಂತೆ, ನಾಲ್ಕು ಮಹಡಿ ಹತ್ತಲು ಹೋಗಬೇಡಿ. ಫೋನಿನಲ್ಲೇ ಕೇಳಬಹುದಿತ್ತು ಎನ್ನಬೇಡಿ. ಫೋನಿನಲ್ಲಿ ನೀವು ಹೂಂ, ಹೂಂ ಎಂದು ಎರಡು ಸಲ ಹೇಳಿ ಮಗಳ ಕೈಗೆ ಕೊಟ್ಟುಬಿಡುತ್ತೀರಿ. ಕಾಗದವಾದರೆ ಪೂರ್ತಿ ಓದದೆ ನಿಮಗೆ ನಿದ್ದೆ ಬರುವುದಿಲ್ಲ ಎನ್ನುವುದು ನನಗೆ ಗೊತ್ತು. ನೀವು ಔಷಧಿಯ ಡಬ್ಬಿಯೊಳಗಿನ ಚೀಟಿಯನ್ನೂ ಕೊನೆಯ ಸಾಲಿನವರೆಗೆ ಓದುವವರು.

ನಾದಿನಿ ಒಂದು ಸಂಗತಿ ಹೇಳಿದಳು. ಅದನ್ನು ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ಹೋದ ವಾರ ಅವಳ ಇಸ್ತ್ರಿಪೆಟ್ಟಿಗೆಯ ವೈರು ಕಿತ್ತು ಬಂತಂತೆ. ನಿಮ್ಮ ಮುಂದೆ ತಂದಿಟ್ಟರೆ ನೀವು ಮುಟ್ಟಲೂ ಇಲ್ಲವಂತೆ, ಅಂಗಡಿಗೆ ಕೊಡು ಎಂದಿರಂತೆ. ದಿನವಿಡೀ ಬಲಗೈಯನ್ನು ಶಾಲಿನೊಳಗೆ ಮುಚ್ಚಿಟ್ಟುಕೊಂಡು ಕಿಟಕಿಯ ಹತ್ತಿರ ಕೂರುತ್ತೀರಂತೆ. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಮೋಟಾರಿನ ಕಾಯಿಲ್ ಸುತ್ತಿದವರು, ನಿವೃತ್ತರಾದ ಮಾರನೆಯ ದಿನವೇ ಮನೆಯ ಮಹಡಿಯ ಮೇಲೆ ಮೇಜು ಹಾಕಿಕೊಂಡು ಕೂತವರು, ಪಕ್ಕದ ಮನೆಯವರ ಕರೆಗಂಟೆ ಕೆಟ್ಟರೆ ಕರೆಯದೇ ಹೋಗಿ ಬಿಚ್ಚಿ ಹಾಕಿದವರು ನೀವು. ನೀವು ಅಂಗಡಿಗೆ ಕೊಡು ಎಂದಿರಿ ಎಂದರೆ ನಂಬುವುದು ಹೇಗೆ? ನಿಮ್ಮನ್ನು ಇಲ್ಲಿಗೆ ವಾಪಸು ಕರೆಸಿಕೊಳ್ಳುವುದಕ್ಕೇ ಈ ಕಾಗದ ಬರೆಯುತ್ತಿದ್ದೇನೆ. ಸುತ್ತಿಬಳಸಿ ಹೇಳಿದರೆ ನಿಮಗೆ ಸಿಟ್ಟು ಬರುತ್ತದೆ, ಅದಕ್ಕೇ ಮೊದಲೇ ಹೇಳಿಬಿಟ್ಟಿದ್ದೇನೆ.

ಇಲ್ಲಿ ನಾವು ಚೆನ್ನಾಗಿದ್ದೇವೆ. ನಿಮ್ಮ ಮಗ ಎಂದಿನಂತೆ ಅರ್ಧ ಚಹಾ ಕುಡಿದು, ಉಳಿದರ್ಧವನ್ನು ಎಲ್ಲಿಟ್ಟೆ ಎಂದು ಮನೆಯೆಲ್ಲ ಹುಡುಕುತ್ತಾರೆ. ಮೊನ್ನೆ ಅದು ಜಾಯ್‌ಸ್ಟಿಕ್ಕುಗಳ ಪೆಟ್ಟಿಗೆಯೊಳಗೆ ಸಿಕ್ಕಿತು. ಎರಡು ವಾರದಿಂದ ಅವರು ದಿಕ್ಕು ಹಿಡಿಯುವ ಪ್ರೋಗ್ರಾಮನ್ನು ತಿದ್ದುತ್ತಾ ಕೂತಿದ್ದರು. ಕ್ಯಾಮೆರಾ ಹೊತ್ತು ನೀರಿಗಿಳಿಯುವ ನಮ್ಮ ರೋಬೋಟು, ನೀವು ಹೆಸರಿಟ್ಟ ಮೊಂಡ, ಈಗ ಅಷ್ಟು ಮೊಂಡನಲ್ಲ. ಎಡಕ್ಕೆ ಎಂದರೆ ಎಡಕ್ಕೇ ತಿರುಗುತ್ತದೆ. ಗುಂಡಿ ಒತ್ತಿ ಬಿಟ್ಟರೆ ಸೆಕೆಂಡಿಗೆ ಇಪ್ಪತ್ತು ಸಲ ತನ್ನ ದಿಕ್ಸೂಚಿ ನೋಡಿಕೊಂಡು, ಎಡದ ಮೋಟಾರಿಗಿಷ್ಟು ಬಲದ ಮೋಟಾರಿಗಿಷ್ಟು ಎಂದು ತಾನೇ ಹಂಚಿಕೊಂಡು, ನೀರಿನಲ್ಲಿ ಮೂತಿ ತಿರುಗಿಸದೆ ನಿಲ್ಲುತ್ತದೆ. ಇನ್ನೊಂದು ಗುಂಡಿ ಒತ್ತಿದರೆ ನೀರಿನ ಒತ್ತಡ ಅಳೆದುಕೊಂಡು ಅದೇ ಆಳದಲ್ಲಿ ತೂಗದೆ ನಿಲ್ಲುತ್ತದೆ. ಹಿಂದಿನ ಬೀದಿಯ ಲೇತ್ ಮಾಸ್ತರರು ಮೊಂಡನ ಬೋರ್ಡು ಕೂರಿಸುವ ಹೊಸ ಅಲ್ಯೂಮಿನಿಯಂ ಕೊಳವೆ ಕಡೆದು ಕೊಟ್ಟರು. ನಿಮ್ಮನ್ನು ಕೇಳಿದರು. ಮಗಳ ಮನೆಗೆ ಹೋಗಿದ್ದಾರೆ ಎಂದರೆ, "ಅವರು ಕೈಯಲ್ಲಿ ತಿರುಗಿಸಿ ನೋಡದೆ ನಾನು ಕೊಟ್ಟಿದ್ದು ಸರಿಯಿದೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು" ಎಂದು ಗೊಣಗಿ ಹೋದರು.

ಆ ದಿನದ ಮಾತು ಎತ್ತಲೇಬೇಕು. ಎತ್ತದೆ ಹೋದರೆ ನಾನು ಮುಂದೆ ಹೇಳುವುದಕ್ಕೆ ತಲೆಬುಡ ಇರುವುದಿಲ್ಲ. ಐದು ವಾರದ ಹಿಂದೆ ಊರಿಗೆ ನೀರು ಬಿಡುವ ಜಲಾಶಯಕ್ಕೆ ಮೊಂಡನನ್ನು ಒಯ್ದೆವು. ನೀರು ಸರಬರಾಜಿನ ಇಂಜಿನಿಯರಮ್ಮ ಕೈಗಡಿಯಾರ ನೋಡುತ್ತಾ ನಿಂತಿದ್ದರು, ನೀವು ಕುರ್ಚಿ ಹಾಕಿಕೊಂಡು ಕೇಬಲ್ಲಿನ ಸುರುಳಿಯ ಪಕ್ಕ ಕೂತಿದ್ದಿರಿ. ಹನ್ನೊಂದು ಮೀಟರಿಗೆ ಇಳಿಯುವಾಗ ಸ್ಕ್ರೀನಿನ ಮೂಲೆಯಲ್ಲಿ ನೀರು ಹೊಕ್ಕಿದೆ ಎನ್ನುವ ಕೆಂಪು ಹನಿ ಮೂಡಿತು. ನಿಮ್ಮ ಮಗ ಬಾಯಿ ತೆರೆಯುವಷ್ಟರಲ್ಲಿ ಚಿತ್ರವೇ ಹೋಯಿತು. ಮೊಂಡ ತಾನಾಗಿ ತೇಲಿ ಮೇಲೆ ಬಂತು. ಕೊಳವೆ ಬಿಚ್ಚಿದರೆ ಒಳಗೆ ಮೂರು ಚಮಚದಷ್ಟು ನೀರು, ಬೋರ್ಡು ಸುಟ್ಟ ವಾಸನೆ. ಮೂರು ಮೋಟಾರುಗಳ ಒಂಬತ್ತು ತಂತಿ ಒಳಗೆ ಹೋಗುವ ಮುಚ್ಚಳದಿಂದಲೇ ನೀರು ಬಂದದ್ದು ಎನ್ನುವುದು ಯಾರಿಗಾದರೂ ಕಾಣುತ್ತಿತ್ತು. ಆ ಮುಚ್ಚಳ ಕಟ್ಟುವುದು ನಿಮ್ಮ ಕೆಲಸ ಎನ್ನುವುದೂ ಎಲ್ಲರಿಗೂ ಗೊತ್ತಿತ್ತು. ನಿಮ್ಮ ಮಗ ಮೆಲ್ಲಗೆ, "ಅಮ್ಮಾ, ಇದು ಮುಚ್ಚಳದಿಂದ ಅಮ್ಮಾ" ಎಂದರು, ಅಷ್ಟೇ. ನೀವು ಮುಚ್ಚಳವನ್ನು ತಿರುಗಿಸಿ ನೋಡಿ, ನನ್ನ ಕೈಗೆ ಕೊಟ್ಟು, "ನನ್ನ ಕೈ ಹೋಯ್ತು ಬಿಡು" ಎಂದಿರಿ. ವಾರ ಕಳೆಯುವಷ್ಟರಲ್ಲಿ ಬಟ್ಟೆ ತುಂಬಿಕೊಂಡು ಹೊರಟೂಬಿಟ್ಟಿರಿ. ಬಸ್ಸಿನ ಕಿಟಕಿಯಿಂದ ಒಂದು ಸಲವಾದರೂ ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ನೀವು ಹೋದ ಮೇಲೆ ಹೊಸ ಮುಚ್ಚಳ ಕಟ್ಟಲು ನಾನೇ ಕೂತೆ. ಒಂಬತ್ತೂ ತಂತಿಯನ್ನು ನೀವು ಮಾಡುವ ಹಾಗೆಯೇ ಮಾಡಿದೆ. ನಾನು ಮದುವೆಯಾಗಿ ಬಂದ ತಿಂಗಳಲ್ಲಿ, ನನ್ನ ಎಲೆಕ್ಟ್ರಾನಿಕ್ಸ್ ಕೋರ್ಸಿನ ಸರ್ಟಿಫಿಕೇಟನ್ನು ಗೋಡೆಗೆ ಹೊಡೆಯಲು ನೀವೇ ಮೊಳೆ ಕೊಟ್ಟು, ಆಮೇಲೆ ಮೇಜಿನ ಮುಂದೆ ಕೂರಿಸಿಕೊಂಡು ಹೇಳಿಕೊಟ್ಟದ್ದು ಜ್ಞಾಪಕವಿದೆಯಲ್ಲ? ಮೋಟಾರು ನೀರಿನಲ್ಲೇ ನೆಂದಿರುತ್ತದೆ, ತಂತಿಯೊಳಗೆ ಕೂದಲಿನಂಥ ಎಳೆಗಳಿರುತ್ತವೆ, ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಎಳೆಗಳ ಸಂದಿನಲ್ಲಿ ನೀರು ಹರಿದು ಒಳಗೆ ಬರುತ್ತದೆ. ಹೊರಗಿನಿಂದ ಎಷ್ಟು ಅಂಟು ಸುರಿದರೂ ಅದಕ್ಕೆ ಲೆಕ್ಕವಿಲ್ಲ, ಒಳದಾರಿಯನ್ನೇ ಮುಚ್ಚಬೇಕು. ಮುಚ್ಚಳದೊಳಗೆ ಬರುವ ಜಾಗದಲ್ಲಿ ಬೆರಳಿನ ಒಂದು ಗೆಣ್ಣಿನಷ್ಟು ಸಿಪ್ಪೆ ತೆಗೆದು, ಎಳೆ ಎಳೆಯೂ ಬೆಸುಗೆಯ ಸೀಸ ಕುಡಿಯುವ ತನಕ ಕಾಯಿಸಬೇಕು, ತಂತಿ ಗಟ್ಟಿ ಕಡ್ಡಿಯಾಗಬೇಕು, ಆಮೇಲೆ ಅಂಟು ಸುರಿಯಬೇಕು. ಒಂದಕ್ಕೆ ಹತ್ತು ನಿಮಿಷ. ಅವಸರ ಮಾಡಿದರೆ ನಿಮ್ಮ ಅಡಿಕೋಲು ನನ್ನ ಮಣಿಕಟ್ಟಿನ ಮೇಲೆ ಬೀಳುತ್ತಿತ್ತು. ಈ ಸಲ ಅಡಿಕೋಲಿರಲಿಲ್ಲ, ಆದರೂ ಒಂದೊಂದಕ್ಕೆ ಕಾಲು ಗಂಟೆ ಹಿಡಿಸಿದೆ. ಇಷ್ಟು ಬರೆದ ಮೇಲೆ ಹೊಳೆಯಿತು, ಇದನ್ನು ಓದಿ ನೀವು "ಹಾಗಾದ್ರೆ ವಿಧಾನ ಸರಿಯಿತ್ತು, ಕೈಯೇ ಕೆಟ್ಟಿತ್ತು" ಎಂದುಕೊಂಡು ಇನ್ನೂ ಒಳಗೆ ಕೈ ಮುಚ್ಚಿಟ್ಟುಕೊಳ್ಳುತ್ತೀರಿ ಎಂದು. ದಯವಿಟ್ಟು ತಾಳಿ. ಕಾಗದ ಇನ್ನೂ ಮುಗಿದಿಲ್ಲ.

ಮೊನ್ನೆ ಬುಧವಾರ ಮತ್ತೆ ಹೋದೆವು. ಇಂಜಿನಿಯರಮ್ಮ ಈ ಸಲ ಕುರ್ಚಿಯನ್ನೂ ಕೊಡಲಿಲ್ಲ. ಜಲಾಶಯದ ತಳದಲ್ಲಿ, ನೀರು ಪೈಪಿಗೆ ಹೋಗುವ ಬಾಯಿಗೆ ಕಬ್ಬಿಣದ ಸರಳುಗಳ ದೊಡ್ಡ ಜಾಲರಿಯಿದೆ. ಎರಡು ತಿಂಗಳಿನಿಂದ ನೀರಿನ ಹರಿವು ಕಡಿಮೆಯಾಗಿದೆ, ಅಲ್ಲಿ ಏನು ಸಿಕ್ಕಿಕೊಂಡಿದೆಯೋ ಗೊತ್ತಿಲ್ಲ. ಮುಳುಗುಗಾರರನ್ನು ಇಳಿಸಬೇಕೆಂದರೆ ಊರಿನ ನೀರು ಎರಡು ದಿನ ನಿಲ್ಲಿಸಬೇಕು, ಇಲ್ಲವಾದರೆ ಸೆಳೆತಕ್ಕೆ ಮನುಷ್ಯನೇ ಜಾಲರಿಗೆ ಅಂಟಿಕೊಳ್ಳುತ್ತಾನೆ. ನಾವು ನಿಲ್ಲಿಸದೇ ನೋಡಿ ಹೇಳುತ್ತೇವೆ ಎಂದು ಒಪ್ಪಿಕೊಂಡಿದ್ದೆವು. ಮೊಂಡನನ್ನು ಓಡಿಸಿದ್ದು ಯಾರು ಹೇಳಿ? ನಿಮ್ಮ ಮಗನಲ್ಲ. ಅವರು ಪ್ರೋಗ್ರಾಮು ಬರೆಯುತ್ತಾರೆ, ಜಾಯ್‌ಸ್ಟಿಕ್ ಕೈಗೆ ಕೊಟ್ಟರೆ ಗಾಳಿಪಟ ಹಾರಿಸುವವರ ಹಾಗೆ ಎಳೆದಾಡುತ್ತಾರೆ. ನಾನೇ ಕೂತೆ. ಇಳಿಸಿದ ಕ್ಷಣದಿಂದ ನನ್ನ ಒಂದು ಕಣ್ಣು ಸ್ಕ್ರೀನಿನ ಆ ಮೂಲೆಯಲ್ಲೇ ನೆಟ್ಟಿತ್ತು. ಹನ್ನೊಂದು ಮೀಟರು ದಾಟಿತು. ಕೆಂಪು ಹನಿ ಮೂಡಲಿಲ್ಲ. ಹನ್ನೆರಡು, ಹದಿಮೂರು, ಹದಿನಾಲ್ಕು. ನಿಮ್ಮ ಮಗ ಬಿಟ್ಟ ಉಸಿರು ನನ್ನ ಕತ್ತಿಗೆ ತಾಗಿತು.

ಜಾಲರಿ ಹತ್ತಿರ ಬಂದಾಗ ನೋಡಿ, ಮೊಂಡನಿಗೆ ಹಳೆಯ ಬುದ್ಧಿ ಬಂತು. ಸುಮ್ಮನೆ ನಿಂತದ್ದು ಗಿರ್ರನೆ ತಿರುಗತೊಡಗಿತು. ಅಷ್ಟು ಕಬ್ಬಿಣ ಎದುರಿಗಿದ್ದರೆ ದಿಕ್ಸೂಚಿಗೆ ತಲೆ ನಿಲ್ಲುವುದಿಲ್ಲ ಎನ್ನುವುದು ನಮಗೆ ಹೊಳೆದೇ ಇರಲಿಲ್ಲ. ಮಹಡಿಯ ಮೇಲೆ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಪರೀಕ್ಷೆ ಮಾಡಿದವರು ನಾವು. ದಿಕ್ಸೂಚಿ ಸುಳ್ಳು ಹೇಳುತ್ತದೆ, ಪ್ರೋಗ್ರಾಮು ಅದನ್ನು ನಂಬಿ ಮೋಟಾರು ತಿರುಗಿಸುತ್ತದೆ, ತಿರುಗಿದಷ್ಟೂ ಸುಳ್ಳು ಇನ್ನೊಂದು ಥರ. ತಳದ ಕೆಸರೆದ್ದು ಸ್ಕ್ರೀನು ಹಾಲು ಹೊಯ್ದ ಚಹಾದಂತಾಯಿತು. ನಿಮ್ಮ ಮಗ ಎರಡೇ ನಿಮಿಷ ಕೊಡು, ಒಂದು ಅಂಕಿ ಬದಲಾಯಿಸುತ್ತೇನೆ ಎಂದು ಕೀಬೋರ್ಡಿಗೆ ಕೈ ಹಾಕಿದರು. ಕೈ ಮೇಲೆ ಒಂದು ಕೊಟ್ಟೆ. ನಿಮ್ಮ ಮಗನಿಗೆ ಹೊಡೆದೆ ಎಂದು ಬೇಜಾರು ಮಾಡಿಕೊಳ್ಳಬೇಡಿ, ಜೋರಾಗಿ ಹೊಡೆಯಲಿಲ್ಲ. ದಿಕ್ಕಿನ ಗುಂಡಿ ಆರಿಸಿದೆ, ಆಳದ ಗುಂಡಿ ಹಾಗೇ ಬಿಟ್ಟೆ, ಎರಡೂ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡು ಒಂದರಿಂದ ಎಣಿಸತೊಡಗಿದೆ. ಬೆಸುಗೆಯ ಬಿಸಿ ಐರನ್ ಜಾರಿದಾಗ ನೀವು ಹೇಳುತ್ತಿದ್ದಿರಲ್ಲ, "ಗಾಬರಿಯಾದ ಕೈಯಿಂದ ಏನೂ ಮಾಡ್ಬೇಡ, ಮೊದ್ಲು ಕೈ ತೆಗಿ" ಎಂದು. ಏನಾಯಿತು ಎಂದು ಇಂಜಿನಿಯರಮ್ಮ ಕೇಳಿದರು. ಏನಿಲ್ಲ ಮೇಡಂ, ಅದು ಸ್ವಲ್ಪ ಸುಧಾರಿಸಿಕೊಳ್ಳುತ್ತಿದೆ ಎಂದೆ.

ತೊಂಬತ್ತು ಎಣಿಸುವಷ್ಟರಲ್ಲಿ ಕೆಸರು ತಳಕ್ಕೆ ಕೂತಿತು. ನಮ್ಮದೇ ಹಳದಿ ಕೇಬಲ್ಲು ಮೊದಲು ಕಂಡಿತು, ಒಂದೂವರೆ ಸುತ್ತು ತಿರುಚಿಕೊಂಡಿತ್ತು. ಅಷ್ಟೇ ಸುತ್ತು ಹಿಂದಕ್ಕೆ ತಿರುಗಿಸಿ ಬಿಡಿಸಿಕೊಂಡೆ. ಆಮೇಲೆ ದಿಕ್ಸೂಚಿಯ ಹಂಗಿಲ್ಲದೆ ಬರೀ ಕಣ್ಣಳತೆಯಲ್ಲಿ, ಜಾಲರಿಯಿಂದ ಎರಡು ಮಾರು ದೂರ ಇಟ್ಟುಕೊಂಡು, ಎಡದಿಂದ ಬಲಕ್ಕೆ ಸಾಲುಸಾಲಾಗಿ ನಡೆಸಿಕೊಂಡು ಹೋದೆ. ಏನು ಸಿಕ್ಕಿತು ಎನ್ನುತ್ತೀರಿ? ಒಂದು ನೀಲಿ ಟಾರ್ಪಾಲು. ಲಾರಿಯದಿರಬೇಕು. ಸೆಳೆತಕ್ಕೆ ಜಾಲರಿಯ ಅರ್ಧಭಾಗಕ್ಕೆ ಅಂಗಿ ಇಸ್ತ್ರಿ ಮಾಡಿದಂತೆ ಅಂಟಿಕೊಂಡು ಕೂತಿತ್ತು. ಅದರ ಪಕ್ಕದಲ್ಲಿ ಒಂದು ಸರಳು ಒಳಕ್ಕೆ ಬಗ್ಗಿತ್ತು. ಇಂಜಿನಿಯರಮ್ಮ ಸ್ಕ್ರೀನಿಗೆ ಮೂಗು ತಾಗುವಷ್ಟು ಬಗ್ಗಿ ಇನ್ನೊಂದು ಸಲ ಎಡಕ್ಕೆ, ಇನ್ನೊಂದು ಸಲ ಮೇಲಕ್ಕೆ ಎನ್ನುತ್ತಾ ನಿಂತರು, ಕೈಗಡಿಯಾರ ನೋಡುವುದನ್ನೇ ಮರೆತರು. ಒಂದು ಗಂಟೆ ನಲವತ್ತು ನಿಮಿಷ ಅತ್ತೆ! ಮೇಲೆ ತಂದು ಕೊಳವೆ ಬಿಚ್ಚಿದೆವು. ತಳದಲ್ಲಿ ಹಾಸಿದ್ದ ಟಿಶ್ಯೂ ಪೇಪರು ಹಾಕಿದ ಹಾಗೇ ಗರಿಗರಿಯಾಗಿತ್ತು. ನಿಮ್ಮ ಮಗ ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ನಾನು ನೋಡಲಿಲ್ಲ ಎಂದುಕೊಂಡಿದ್ದಾರೆ.

ನಿನ್ನೆ ಇಂಜಿನಿಯರಮ್ಮ ತಾವೇ ಫೋನು ಮಾಡಿ ಇನ್ನೆರಡು ಬೇಕು ಎಂದರು. ಒಂದು ಇಲ್ಲಿಗೆ, ಇನ್ನೊಂದು ಮೇಲಿನ ಜಲಾಶಯಕ್ಕೆ. ಎರಡರದ್ದೂ ಮೋಟಾರು, ಬೋರ್ಡು, ಕ್ಯಾಮೆರಾ ಎಲ್ಲ ನಾವಿಬ್ಬರು ಸುಧಾರಿಸುತ್ತೇವೆ, ಅದರ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ದಿಕ್ಸೂಚಿಯನ್ನು ಕೊಳವೆಯಿಂದ ದೂರ ಒಂದು ಕೋಲಿನ ತುದಿಗೆ ಇಡುವುದೋ, ಕಬ್ಬಿಣ ಬಂದರೆ ದಿಕ್ಸೂಚಿಯ ಮಾತು ಕೇಳಬೇಡ ಎಂದು ಪ್ರೋಗ್ರಾಮಿಗೇ ಹೇಳುವುದೋ ಎಂದು ನಾವಿಬ್ಬರೂ ಬೆಳಗಿನಿಂದ ಜಗಳವಾಡುತ್ತಿದ್ದೇವೆ, ನಾನೇ ಗೆಲ್ಲುತ್ತೇನೆ. ಆದರೆ ಮುಚ್ಚಳಗಳು ನಿಮ್ಮವೇ ಆಗಬೇಕು. ನಿಮ್ಮ ಮೇಜು ನೀವು ಬಿಟ್ಟುಹೋದ ಹಾಗೆಯೇ ಇದೆ, ಭೂತಗನ್ನಡಿಯ ಮೇಲೆ ಬಟ್ಟೆ ಹೊದಿಸಿದ್ದೇನೆ. ನಿಮ್ಮ ಕೈ ನಡುಗುವುದನ್ನು ನಾನು ಎರಡು ವರ್ಷದಿಂದ ನೋಡಿದ್ದೇನೆ, ನೋಡಿಲ್ಲ ಎಂದು ನಟಿಸುವುದಿಲ್ಲ. ಅದು ಸುಮ್ಮನೆ ತೊಡೆಯ ಮೇಲಿದ್ದಾಗ ನಡುಗುತ್ತದೆ. ಐರನ್ ಹಿಡಿದು ತಂತಿಗೆ ತಾಗಿಸಿದ ಮೇಲೆ ನಿಲ್ಲುತ್ತದೆ. ಇದನ್ನು ನಿಮಗೆ ಯಾರೂ ಹೇಳಿಲ್ಲ, ಏಕೆಂದರೆ ಆಗ ನೀವು ಕೈ ನೋಡುತ್ತಿರುವುದಿಲ್ಲ, ತಂತಿ ನೋಡುತ್ತಿರುತ್ತೀರಿ. ನಾನು ಪಕ್ಕದಲ್ಲಿ ಕೂತು ಎರಡನ್ನೂ ನೋಡಿದ್ದೇನೆ. ಬೇಕಾದರೆ ಮಣಿಕಟ್ಟಿನ ಕೆಳಗೆ ಒಂದು ಮರಳಿನ ಚೀಲ ಹೊಲಿದು ಕೊಡುತ್ತೇನೆ, ದಿನಕ್ಕೆ ಎರಡೇ ತಂತಿ ಮಾಡಿ. ಹದಿನೆಂಟು ತಂತಿಗೆ ಒಂಬತ್ತು ದಿನ. ನಾವು ಕಾಯುತ್ತೇವೆ.

ನಾದಿನಿಗೂ ಅವಳ ಯಜಮಾನರಿಗೂ ನನ್ನ ನೆನಪು ತಿಳಿಸಿ. ನೀವು ದೊಡ್ಡವರು, ನಿಮಗೆ ನಾನು ಆಶೀರ್ವಾದ ಮಾಡುವ ಹಾಗಿಲ್ಲ. ನಿಮ್ಮ ಆಶೀರ್ವಾದ ಕೇಳುವುದಕ್ಕೂ ಈ ಸಲ ನಾಚಿಕೆಯಾಗುತ್ತಿದೆ. ಕಣ್ಣು ಕಾಪಾಡಿಕೊಳ್ಳಿ, ಬಿಸಿಲು ಬೀಳುವ ಕಡೆ ಕೂತುಕೊಳ್ಳಿ.

ನಿಮ್ಮ ಸೊಸೆ

ಮರೆತ ಮಾತು: ಮರೆತದ್ದಲ್ಲ, ಆರು ಪುಟದಿಂದ ಮುಂದಕ್ಕೆ ತಳ್ಳುತ್ತಾ ಬಂದದ್ದು. ಅಂಚೆ ಕಚೇರಿ ಮುಚ್ಚುತ್ತದೆ ಎಂದು ನಿಮ್ಮ ಮಗ ಕೆಳಗಿನಿಂದ ಕೂಗುತ್ತಿದ್ದಾರೆ, ಬೇಗ ಬರೆದುಬಿಡುತ್ತೇನೆ. ಸೋರಿದ ಮುಚ್ಚಳದ ಒಂಬತ್ತು ತಂತಿಗಳಲ್ಲಿ ಐದು ನಿಮ್ಮವಲ್ಲ. ಜಲಾಶಯಕ್ಕೆ ಹೋಗುವ ಎರಡು ದಿನ ಮೊದಲು, ಬೆಳಿಗ್ಗೆ ನೀವು ಒಂಬತ್ತನ್ನೂ ಮುಗಿಸಿ, ಅಂಟು ಸುರಿಯುವುದನ್ನು ಸಂಜೆಗೆ ಇಟ್ಟು, ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದಿರಿ. ನಿಮ್ಮ ಬೆಸುಗೆಗಳು ದಪ್ಪದಪ್ಪ ಗಂಟಾಗಿ ಕಂಡವು. ಇಂಜಿನಿಯರಮ್ಮ ನೋಡಿ ಏನೆಂದುಕೊಳ್ಳುತ್ತಾರೋ ಎಂದು ನನಗೆ ಮುಜುಗರವಾಯಿತು, ಕೋರ್ಸಿನಲ್ಲಿ ಕಲಿತ ಜಂಬವೂ ಇತ್ತು. ಐದು ತಂತಿ ಕತ್ತರಿಸಿ, ಹೊಸ ತುಂಡು ಹಾಕಿ, ಪುಟ್ಟ ತಾಮ್ರದ ನಳಿಗೆಯಲ್ಲಿ ಇಕ್ಕಳದಿಂದ ಒತ್ತಿ ನೀಟಾಗಿ ಕೂರಿಸಿದೆ. ಸೀಸ ಕುಡಿಸಲಿಲ್ಲ. ಆರನೆಯದಕ್ಕೆ ಕೈ ಹಾಕುವಾಗ ಗೇಟು ಸದ್ದಾಯಿತು. ನಿಮಗೆ ಕಾಣಬಾರದೆಂದು ಗಡಿಬಿಡಿಯಲ್ಲಿ ಅಂಟು ಸುರಿದುಬಿಟ್ಟೆ. ನೀವು ಮೇಲೆ ಬಂದು, "ಸುರಿದೇಬಿಟ್ಯಾ, ನಾನೊಂದ್ಸಲ ನೋಡ್ಬೇಕಿತ್ತು" ಎಂದಿರಿ. ನಿಮಗೇಕೆ ತೊಂದರೆ ಎಂದೆ. ಜಲಾಶಯದ ದಂಡೆಯಲ್ಲಿ ನೀವು ಮುಚ್ಚಳವನ್ನು ನನ್ನ ಕೈಗೇ ಕೊಟ್ಟಾಗಲೂ ನಾನು ತುಟಿ ಬಿಚ್ಚಲಿಲ್ಲ. ನೀವು ಹೋದ ಮಾರನೆಯ ದಿನ ಅದನ್ನು ಗರಗಸದಲ್ಲಿ ಉದ್ದಕ್ಕೆ ಸೀಳಿದೆ. ನನ್ನ ಐದರೊಳಗೂ ತಾಮ್ರ ಹಸಿರಾಗಿದೆ. ನಿಮ್ಮ ನಾಲ್ಕೂ ಒಣಗಿವೆ, ಹೊಳೆಯುತ್ತಿವೆ. ಎರಡು ಹೋಳನ್ನೂ ಜೊತೆಗಿರುವ ಡಬ್ಬಿಯಲ್ಲಿಟ್ಟಿದ್ದೇನೆ, ಕನ್ನಡಕ ಹಾಕಿಕೊಂಡು ನೋಡಿ. ನಿಮ್ಮ ಮಗನಿಗೆ ಇನ್ನೂ ಗೊತ್ತಿಲ್ಲ. ಮೊದಲು ನಿಮಗೆ ಹೇಳಬೇಕಿತ್ತು, ಅವರು ಇದನ್ನು ಅಂಚೆಗೆ ಹಾಕಿ ಬಂದ ತಕ್ಷಣ ಅವರಿಗೆ ಹೇಳುತ್ತೇನೆ. ನೀವು ಬರುತ್ತೀರೋ ಇಲ್ಲವೋ, ನನ್ನ ಮುಖ ನೋಡುತ್ತೀರೋ ಇಲ್ಲವೋ, ಅದು ನಿಮಗೆ ಬಿಟ್ಟದ್ದು. ಇದೊಂದು ಮಾತ್ರ ನಡೆಸಿಕೊಡಿ. ಅಲ್ಲಿ ಎಲ್ಲರಿಗೂ ಕೈ ಹೋಯಿತು ಎಂದು ನೀವೇ ಹೇಳಿದ್ದೀರಂತೆ. ಅವರೆಲ್ಲರನ್ನೂ ಕೂರಿಸಿಕೊಂಡು ಈ ಪುಟವನ್ನು ಜೋರಾಗಿ ಓದಿ. ನಿಮ್ಮ ಕೈ ಹೋಗಿರಲಿಲ್ಲ ಎನ್ನುವುದು ನನ್ನ ಅಕ್ಷರದಲ್ಲೇ ಇದೆ.